ಬಾಯಮ್ಮನ ತಟ್ಟೆ

ನಮ್ಮ ಎದುರು ಫ್ಲ್ಯಾಟಿನ ಬಾಯಮ್ಮ ಯಾವ ಸಮಾರಂಭಕ್ಕೆ ಹೋಗುವುದಿದ್ದರೂ ಕೈಚೀಲದಲ್ಲಿ ತಮ್ಮದೊಂದು ಸ್ಟೀಲಿನ ತಟ್ಟೆ ಹಾಕಿಕೊಂಡೇ ಹೊರಡುತ್ತಿದ್ದರು. ಮದುವೆಯ ರಿಸೆಪ್ಶನ್ ಇರಲಿ, ಇಗರ್ಜಿಯ ಹಬ್ಬದೂಟವಿರಲಿ, ನಮ್ಮ ಮನೆಯ ಸತ್ಯನಾರಾಯಣ ಪೂಜೆಯೇ ಇರಲಿ, ಸಾಲಿನಲ್ಲಿ ತಮ್ಮ ಸರದಿ ಬಂದಾಗ ಚೀಲದಿಂದ ತಟ್ಟೆ ತೆಗೆದು ಮುಂದೆ ಹಿಡಿಯುತ್ತಿದ್ದರು. ಬಡಿಸುವವರು ಮೊದಲು ತಟ್ಟೆಯನ್ನೂ ಆಮೇಲೆ ಅವರ ಮುಖವನ್ನೂ ನೋಡುತ್ತಿದ್ದರು. ಅವರು ಮಾತ್ರ ಯಾರನ್ನೂ ನೋಡದೆ, ಅನ್ನ ಸ್ವಲ್ಪ ಸಾಕು ಎನ್ನುತ್ತಿದ್ದರು. ಊಟವಾದ ಮೇಲೆ ನಲ್ಲಿಯ ಹತ್ತಿರ ಹೋಗಿ ಅದನ್ನು ತೊಳೆದು, ಹಳೆಯ ಟವೆಲಿನಲ್ಲಿ ಒರೆಸಿ, ಮತ್ತೆ ಚೀಲಕ್ಕೆ ಸೇರಿಸುತ್ತಿದ್ದರು.

ಬಾಯಮ್ಮ ಎಂಬುದು ಅವರ ಹೆಸರಲ್ಲ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕರಾವಳಿಯವರು ಕರೆಯುವ ಬಗೆ ಅದು. ಅವರು ಬಹರೈನಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ನಾನು ಮದುವೆಯಾಗಿ ಗುಫೂಲ್ ಬಡಾವಣೆಯ ಈ ಕಟ್ಟಡಕ್ಕೆ ಬಂದಾಗ ನನಗೆ ಬಹರೈನ್ ಕಲಿಸಿದ್ದು ನನ್ನ ಗಂಡನಲ್ಲ, ಬಾಯಮ್ಮ. ನಮ್ಮವರು ಎಸಿ ಮೆಕ್ಯಾನಿಕ್. ಊರಿನವರ ಎಸಿಗಳನ್ನೆಲ್ಲ ತಣ್ಣಗಿಡುವುದರಲ್ಲೇ ಅವರ ದಿನ ಮುಗಿಯುತ್ತದೆ. ಬಾಲ್ಕನಿಯಲ್ಲಿ ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಡಬೇಕು, ಸೆಕೆಗಾಲದಲ್ಲಿ ಅರ್ಧ ದಿನಕ್ಕೆ ಒಂದು ಬಕೆಟ್ ತುಂಬುತ್ತದೆ, ಬಸಳೆಗೂ ಕರಿಬೇವಿಗೂ ನೆಲ ಒರೆಸಲಿಕ್ಕೂ ಅದೇ ಸಾಕು ಎಂದು ತೋರಿಸಿಕೊಟ್ಟದ್ದು ಬಾಯಮ್ಮ. ಮಿಕ್ಕಿದ ಖುಬೂಸ್ ರೊಟ್ಟಿಯನ್ನು ಇಲ್ಲಿಯವರು ಕಸಕ್ಕೆ ಹಾಕುವುದಿಲ್ಲ, ಬೇರೆ ಚೀಲದಲ್ಲಿ ಕಟ್ಟಿ ಕಸದ ಪೆಟ್ಟಿಗೆಯ ಹೊರಗೆ ತೂಗುಹಾಕುತ್ತಾರೆ, ಆಡು ಸಾಕಿದವರು ಒಯ್ಯುತ್ತಾರೆ ಎಂದೂ ಅವರೇ ಹೇಳಿದ್ದು. ಹೇಳಿದ್ದು ಎಂದರೆ ಬಾಯಿಬಿಟ್ಟು ಹೇಳಿದ್ದಲ್ಲ. ಅವರು ಮಾಡುತ್ತಿದ್ದರು, ನಾನು ನೋಡುತ್ತಿದ್ದೆ.

ಆ ತಟ್ಟೆಯ ಕತೆಯನ್ನು ಮಾತ್ರ ಒಮ್ಮೆ ಬಾಯಿಬಿಟ್ಟೇ ಹೇಳಿದ್ದರು. ನರ್ಸಿಂಗ್ ಕಲಿಯಲಿಕ್ಕೆ ಹಾಸ್ಟೆಲಿಗೆ ಸೇರುವಾಗ ಒಂದು ತಟ್ಟೆ, ಒಂದು ಲೋಟ ತರಬೇಕು ಎಂದಿದ್ದರಂತೆ. ಮನೆಯಲ್ಲಿ ಇದ್ದ ಒಂದೇ ಒಳ್ಳೆಯ ತಟ್ಟೆಯನ್ನು ಅವರ ಅಮ್ಮ ಕೊಟ್ಟರಂತೆ. ಅದು ಅಮ್ಮನ ಮದುವೆಗೆ ಬಂದದ್ದು, ಅಂಚು ಎತ್ತರದ ಹಳೆಯ ಕಾಲದ ತಟ್ಟೆ. ಅಂಚಿನ ಮೇಲೆ ಅಮ್ಮನ ಹೆಸರಿನ ಮೊದಲ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿತ್ತು. ಅಮ್ಮ ತೀರಿಕೊಂಡಾಗ ಇವರಿಗೆ ರಜೆ ಸಿಗಲಿಲ್ಲ. ಮುಖ ನೋಡಲಿಕ್ಕೂ ಆಗಲಿಲ್ಲ, ತಟ್ಟೆಯೊಂದು ಉಳಿಯಿತು ಎಂದಿದ್ದರು. ಹಾಗೆ ಹೇಳಿ, ಚಾ ಕುಡಿಯುತ್ತೀಯಾ ಎಂದು ಕೇಳಿದ್ದರು.

ಬಾಯಮ್ಮ ಮಾತಿಲ್ಲದೆ ಮಾಡುತ್ತಿದ್ದದ್ದನ್ನು ಮಾತಾಗಿಸಿ ಎಲ್ಲರ ಮೇಲೆ ಹೇರಿದವಳು ನಾನು. ನನ್ನ ಸ್ವಭಾವವೇ ಹಾಗೆ. ಒಂದು ಒಳ್ಳೆಯ ಕೆಲಸ ಕಲಿತರೆ ಅದನ್ನು ಮಾಡದ ಹತ್ತು ಜನರ ಮೇಲೆ ಸಿಟ್ಟು ಬಂದರೇ ನನಗೆ ಸಮಾಧಾನ. ನಮ್ಮ ಊರಿನವರದ್ದು ಇಲ್ಲಿ ಒಂದು ಬಳಗವಿದೆ. ವರ್ಷಕ್ಕೆ ನಾಲ್ಕೈದು ಸಲ ಸೇರುತ್ತೇವೆ, ಹಾಡುತ್ತೇವೆ, ಉಣ್ಣುತ್ತೇವೆ, ಆರೇಳು ದೊಡ್ಡ ಕಪ್ಪು ಚೀಲ ತುಂಬ ಪ್ಲಾಸ್ಟಿಕ್ ತಟ್ಟೆ ಲೋಟ ಎಸೆದು ಮನೆಗೆ ಬರುತ್ತೇವೆ. ಆಟಿ ತಿಂಗಳ ಊಟದ ತಯಾರಿಗೆ ಸೇರಿದ ಸಭೆಯಲ್ಲಿ ನಾನು ಎದ್ದು ನಿಂತು, ಈ ಸಲ ಎಲ್ಲರೂ ತಟ್ಟೆ ಲೋಟ ಮನೆಯಿಂದಲೇ ತರಬೇಕು ಎಂದೆ.

ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಎಂಜಲು ತಟ್ಟೆಯನ್ನು ಕಾರಿನಲ್ಲಿ ಇಟ್ಟುಕೊಂಡು ರಿಫಾದವರೆಗೆ ಹೋಗುವುದು ಹೇಗೆ ಎಂದರು ಒಬ್ಬರು. ಬಾಳೆಲೆ ತರಿಸಿದರಾಯಿತಲ್ಲ ಎಂದರು ಇನ್ನೊಬ್ಬರು. ವಿಮಾನದಲ್ಲಿ ಬರುವ ಬಾಳೆಲೆಯಿಂದ ಯಾವ ಪರಿಸರ ಉಳಿಯುತ್ತದೆ ಎಂದು ನಾನು ಕೇಳಿದೆ. ಆಗ ಬುಸೈತೀನಿನ ಇಂಜಿನಿಯರ್ ಒಬ್ಬರು ತಣ್ಣಗೆ, ಇಲ್ಲಿ ತಟ್ಟೆ ತೊಳೆಯುವ ನೀರು ಸಮುದ್ರದ ಉಪ್ಪು ತೆಗೆದು ಮಾಡಿದ ನೀರು, ಅದಕ್ಕೆ ಸುಡುವ ಗ್ಯಾಸಿನ ಲೆಕ್ಕ ಯಾರದ್ದು ಎಂದರು. ಅವರ ಮಾತಿನಲ್ಲಿ ಹುರುಳಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಮೊದಲ ತೊಳೆತಕ್ಕೆ ಎಸಿ ನೀರು ಬಳಸಿ, ಕೊನೆಗೆ ಒಂದು ಲೋಟ ನಲ್ಲಿ ನೀರು ಸಾಕು, ಬೇಕಾದರೆ ನಮ್ಮವರನ್ನು ಕಳಿಸಿ ನಿಮ್ಮ ಪೈಪಿಗೆ ಬಕೆಟ್ ಹೊಂದಿಸಿಕೊಡುತ್ತೇನೆ ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿದ್ದ ನಮ್ಮವರು ತಲೆ ಕೆರೆದುಕೊಂಡರು. ಕೊನೆಗೆ ಬಾಯಮ್ಮನ ಹೆಸರು ಹೇಳಿ ಗೆದ್ದೆ. ಅವರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು, ಊಟದ ದಿನವೇ ಅವರಿಗೆ ಸನ್ಮಾನವೆಂದೂ ನಿಶ್ಚಯವಾಗಿತ್ತು. ಅವರ ಗೌರವಕ್ಕಾದರೂ ಒಂದು ದಿನ ಅವರ ಹಾಗೆ ಉಣ್ಣೋಣ ಎಂದೆ. ಯಾರೂ ಬೇಡ ಎನ್ನಲಿಲ್ಲ.

ಆಟಿಯ ಊಟವನ್ನು ಬಹರೈನಿನಲ್ಲಿ ಉಣ್ಣುವುದೇ ಒಂದು ತಮಾಷೆ. ಊರಿನಲ್ಲಿ ಜಡಿಮಳೆ ಹೊಡೆದು ಕೈಯಲ್ಲಿ ಏನೂ ಇಲ್ಲದ ತಿಂಗಳಲ್ಲಿ ಹಿತ್ತಿಲ ಸೊಪ್ಪು ಸದೆ ತಿಂದು ಬದುಕಿದ್ದರ ನೆನಪಿಗೆ ಈ ಊಟ. ಇಲ್ಲಿ ಅದೇ ತಿಂಗಳು ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಆ ಶುಕ್ರವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಪತ್ರೊಡೆ, ಕಣಿಲೆ ಪಲ್ಯ, ಹುರುಳಿ ಚಟ್ನಿ, ಕೋರಿ ರೊಟ್ಟಿ. ಎಲ್ಲಕ್ಕಿಂತ ಚೆಂದ ಕಂಡದ್ದು ಸಾಲಿನಲ್ಲಿ ಹಿಡಿದಿದ್ದ ತಟ್ಟೆಗಳು. ಅಜ್ಜಿಯ ಹೆಸರು ಕೊರೆಸಿದ್ದು, ನಾದಿನಿಯ ಹೆಸರು ಕೊರೆಸಿದ್ದು, ಮಗುವಿನ ಅನ್ನಪ್ರಾಶನಕ್ಕೆ ಬಂದದ್ದು. ಒಂದರ ಮೇಲೆ ಊರಿನ ಕಲ್ಯಾಣ ಮಂಟಪವೊಂದರ ಹೆಸರಿತ್ತು. ಅದು ಕಡಲು ದಾಟಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಬಾಯಮ್ಮ ತಮ್ಮ ಚೀಲದಿಂದ ತಟ್ಟೆ ತೆಗೆದಾಗ ಮೊದಲ ಬಾರಿಗೆ ಯಾರೂ ಅವರ ಮುಖ ನೋಡಲಿಲ್ಲ.

ನಾವಿಬ್ಬರೂ ಅಕ್ಕಪಕ್ಕ ಕೂತು ಉಂಡೆವು. ಅವರದ್ದು ಮುಗಿಯುವಾಗ ವೇದಿಕೆಯಿಂದ ಕರೆ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾಗಿತ್ತು. ಒಂದು ಗಳಿಗೆ ಹಿಡಿದುಕೊಂಡಿರು ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದರು. ನನ್ನ ಕೈಯಲ್ಲಿ ಎರಡು ತಟ್ಟೆಯಾಯಿತು. ಅವರಿಗೆ ಶಾಲು ಹೊದಿಸುತ್ತಿದ್ದಂತೆಯೇ ಮೈಕಿನಲ್ಲಿ ನನ್ನನ್ನೂ ಕರೆದರು, ಕಸವಿಲ್ಲದ ಊಟದ ಬಗ್ಗೆ ನಾಲ್ಕು ಮಾತಾಡಬೇಕಂತೆ. ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಎದ್ದೆ. ಕಾಲು ತಾನಾಗಿ ಗೋಡೆಯ ಬದಿಯ ಕಸದ ಡ್ರಮ್ಮಿನ ಕಡೆ ನಡೆಯಿತು. ಉಂಡೆದ್ದ ಮೇಲೆ ತಟ್ಟೆಯನ್ನು ಏನು ಮಾಡಬೇಕೆಂದು ಈ ದೇಶದಲ್ಲಿ ಇಷ್ಟು ವರ್ಷ ಕಲಿತ ಕೈ, ತನ್ನ ಪಾಡಿಗೆ ತನ್ನ ಕೆಲಸ ಮಾಡಿ ಮುಗಿಸಿತು. ವೇದಿಕೆ ಹತ್ತಿ, ಇವತ್ತು ನಾವು ಒಂದೇ ಒಂದು ತಟ್ಟೆಯನ್ನೂ ಕಸಕ್ಕೆ ಹಾಕಲಿಲ್ಲ ಎಂದೆ. ಚಪ್ಪಾಳೆ ಬಂತು.

ಸಭೆ ಮುಗಿದ ಮೇಲೆ ಬಾಯಮ್ಮ ಹಾರವನ್ನು ಕೈಗೆ ಸುತ್ತಿಕೊಂಡು ಬಂದು, ತಟ್ಟೆ ಎಲ್ಲಿ ಎಂದು ಕೇಳಿದರು. ಆಗಲೇ ನನಗೆ ನೆನಪಾದದ್ದು, ಗೋಡೆಯ ಬದಿಗೆ ತಿರುಗಿ ನೋಡಿದೆ. ಡ್ರಮ್ ಇದ್ದ ಜಾಗ ಖಾಲಿಯಾಗಿತ್ತು. ಸುತ್ತ ಹತ್ತು ಜನ ನಿಂತು ನನ್ನ ಭಾಷಣವನ್ನು ಹೊಗಳುತ್ತಿದ್ದರು. ಕೈ ತಪ್ಪಿ ಎಸೆದುಬಿಟ್ಟೆ ಎನ್ನಲಿಕ್ಕೆ ಎಷ್ಟು ಹೊತ್ತು ಬೇಕು? ನಾನು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದೆ:

"ಇಲ್ಲೇ ಇಟ್ಟಿದ್ದೆ ಬಾಯಮ್ಮ. ಯಾರೋ ತಪ್ಪಿ ತಕೊಂಡು ಹೋದ್ರೋ ಏನೋ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಆಯ್ತು ಬಿಡು. ನಮ್ಮವ್ರೇ ಅಲ್ವಾ, ಸಿಗ್ತದೆ," ಎಂದರು.

ನೆಪ ಹೇಳಿ ಹೊರಗೆ ಓಡಿದೆ. ಹಾಲಿನ ಹಿಂದೆ ಇದ್ದ ನಗರಸಭೆಯ ದೊಡ್ಡ ಕಸದ ಪೆಟ್ಟಿಗೆಯ ಮುಂದೆ ರೇಷ್ಮೆ ಸೀರೆಯಲ್ಲಿ ನಿಂತು ಒಂದು ಕಪ್ಪು ಚೀಲದ ಗಂಟು ಬಿಚ್ಚಿದೆ. ಪತ್ರೊಡೆಯ ಚೂರು, ಕೋಳಿಯ ಎಲುಬು, ಪೇಪರ್ ನ್ಯಾಪ್‌ಕಿನ್. ಅಷ್ಟರಲ್ಲಿ ನಮ್ಮ ಬಳಗದ ಇಬ್ಬರು ಹೆಂಗಸರು ಕಾರಿನ ಕಡೆ ಬರುತ್ತಿರುವುದು ಕಂಡಿತು. ಗಂಟು ಮತ್ತೆ ಕಟ್ಟಿ, ಗಾಳಿಗೆ ಬಂದವಳ ಹಾಗೆ ಆಚೀಚೆ ನೋಡುತ್ತ ನಿಂತೆ. ಆ ಬಿಸಿಲಿನಲ್ಲಿ ಗಾಳಿಗೆ ಯಾರು ಬರುತ್ತಾರೆ! ಮನೆಗೆ ಬಂದು ನಮ್ಮವರಿಗೆ ಹೇಳಿದಾಗ ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದರು.

"ಎಸೆದದ್ದು ಕೈ. ಸುಳ್ಳು ಹೇಳಿದ್ದು ನೀನು," ಎಂದರು. "ಹೋಗಿ ಹೇಳು. ಎದುರು ಬಾಗಿಲು ಅಲ್ವಾ."

ಆ ನಾಲ್ಕು ಹೆಜ್ಜೆ ನನ್ನಿಂದ ಆಗಲಿಲ್ಲ. ಬದಲಿಗೆ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ, ಬಾಯಮ್ಮನ ತಟ್ಟೆ ಅದಲುಬದಲಾಗಿದೆ, ದಯವಿಟ್ಟು ನೋಡಿ ಎಂದು ಬರೆದೆ. ಶುಕ್ರವಾರ ಸಂಜೆಯೆಲ್ಲ ಗ್ರೂಪಿನ ತುಂಬ ತಟ್ಟೆಗಳ ಫೋಟೋ. ಅದಲುಬದಲಾದವು ನಿಜವಾಗಿಯೂ ಇದ್ದವು. ಇಬ್ಬರು ಓರಗಿತ್ತಿಯರು ಒಂದೇ ತಟ್ಟೆಗೆ ಹಕ್ಕು ಸಾಧಿಸಿದರು. ಬಾಯಮ್ಮನದ್ದು ಬರಲಿಲ್ಲ, ಎಲ್ಲಿಂದ ಬರಬೇಕು? ಅವರು ಊರಿಗೆ ಹೊರಡುವುದು ಭಾನುವಾರ. ಸಾಮಾನೆಲ್ಲ ಕಾರ್ಗೋದಲ್ಲಿ ಮೊದಲೇ ಹೋಗಿತ್ತು. ಉಣ್ಣಲಿಕ್ಕೆಂದು ಉಳಿಸಿಕೊಂಡದ್ದು ಆ ಒಂದು ತಟ್ಟೆಯನ್ನೇ ಎಂಬುದು ನನಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಗ್ರೂಪಿನಲ್ಲಿ ಯಾರೋ ಹೊಸ ಮಾತು ತೆಗೆದಿದ್ದರು. ಆ ಹಾಲಿನ ಕ್ಲೀನರನ್ನು ಕೇಳಿದ್ದೀರಾ, ಸ್ಟೀಲ್ ಕಂಡರೆ ಅವರು ಬಿಡುತ್ತಾರಾ ಎಂದು. ಅದರ ಕೆಳಗೆ ನಾಲ್ಕು ಹೆಬ್ಬೆರಳು. ಇನ್ನೊಬ್ಬರು, ಹಾಲ್ ಮ್ಯಾನೇಜರಿಗೆ ಫೋನ್ ಮಾಡಿ ಆಗಿದೆ, ವಿಚಾರಿಸುತ್ತಾರಂತೆ ಎಂದು ಬರೆದಿದ್ದರು. ನಾನು ಹಲ್ಲುಜ್ಜಿದೆನೋ ಇಲ್ಲವೋ ನೆನಪಿಲ್ಲ. ನಮ್ಮವರನ್ನು ಎಬ್ಬಿಸಿ ಕಾರು ತೆಗೆಸಿದೆ.

ಕ್ಲೀನರ್ ಬಾಂಗ್ಲಾದೇಶದವರು, ನಮ್ಮ ಅಪ್ಪನಿಗಿಂತ ಸ್ವಲ್ಪ ಚಿಕ್ಕ ಪ್ರಾಯ. ವರ್ಷಗಳಿಂದ ನಮ್ಮ ಎಲ್ಲ ಕಾರ್ಯಕ್ರಮಗಳ ಕಸ ಎತ್ತಿದವರು. ನನ್ನನ್ನು ಕಂಡದ್ದೇ ಪೊರಕೆ ಗೋಡೆಗೆ ಒರಗಿಸಿ, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ಮೈನೇ ಚೋರಿ ನಹೀಂ ಕಿಯಾ, ಮೇಡಂ."

ಕದ್ದಿಲ್ಲ ಎಂದು ನನ್ನೆದುರು ನಿಂತು ಹೇಳಿದವರ ಮುಖ ನನಗೆ ನೋಡಲಾಗಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಇನ್ನೊಮ್ಮೆ ಆದದ್ದಿಲ್ಲ. ನನಗೆ ಬರುವ ಹರಕು ಹಿಂದಿಯಲ್ಲಿ, ತಟ್ಟೆ ಎಸೆದದ್ದು ನಾನೇ ಭಾಯ್, ತಪ್ಪು ನನ್ನದು ಎಂದೆ. ಅವರು ಬನ್ನಿ ಎಂದು ಸಾಮಾನಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಪಾಟಿನ ಮೇಲೆ ಸ್ಟೀಲಿನ ತಟ್ಟೆಗಳನ್ನು ತೊಳೆದು ಕವುಚಿ ಇಟ್ಟಿದ್ದರು. ಒಂದಲ್ಲ ಎರಡಲ್ಲ, ಏಳು. ಚೀಲ ಕಟ್ಟುವ ಮೊದಲು ಅವರು ಯಾವಾಗಲೂ ಕೈ ಹಾಕಿ ನೋಡುತ್ತಾರಂತೆ. ನಮ್ಮ ಜನ ಚಮಚ, ಡಬ್ಬದ ಮುಚ್ಚಳ, ಒಮ್ಮೆ ಒಂದು ಮಗುವಿನ ಬೆಳ್ಳಿಯ ಕಾಲ್ಗೆಜ್ಜೆಯನ್ನೂ ಎಸೆದಿದ್ದರಂತೆ. ನಿನ್ನೆ ಇಷ್ಟೊಂದು ತಟ್ಟೆ ಸಿಕ್ಕಿದಾಗ, ಇವೂ ಉಂಡು ಎಸೆಯುವ ತಟ್ಟೆಗಳೇ ಇರಬಹುದೋ ಎಂದು ಅವರಿಗೆ ಅನುಮಾನವಾಯಿತಂತೆ. ಇದನ್ನು ಅವರು ತಮಾಷೆಗೆ ಹೇಳಿದ್ದಲ್ಲ.

ಏಳರಲ್ಲಿ ನನ್ನದಿತ್ತು. ಬಾಯಮ್ಮನದ್ದಿರಲಿಲ್ಲ. ಅಂಚು ಎತ್ತರದ್ದು, ಚುಕ್ಕಿ ಅಕ್ಷರದ್ದು ಎಂದೆ. ಅವರ ಮುಖ ಅರಳಿತು. ಮೆಟ್ಟಿಲು ಹತ್ತಿಸಿ ತಾರಸಿಗೆ ಕರೆದುಕೊಂಡು ಹೋದರು. ನೀರಿನ ಟ್ಯಾಂಕಿನ ನೆರಳಿನಲ್ಲಿ ಬಾಯಮ್ಮನ ತಟ್ಟೆ ತುಂಬ ನೀರಿತ್ತು. ಎರಡು ಗುಬ್ಬಿ, ಒಂದು ಬಿಳಿ ಕೆನ್ನೆಯ ಪಿಕಳಾರ ಅಂಚಿನ ಮೇಲೆ ಕೂತಿದ್ದವು. ಈ ಸೆಕೆಯಲ್ಲಿ ಹಕ್ಕಿಗಳಿಗೆ ದಿನಾ ನೀರಿಡುತ್ತಾರಂತೆ. ಇಷ್ಟು ದಿನ ಪ್ಲಾಸ್ಟಿಕ್ ಡಬ್ಬ ಇತ್ತು, ಗಾಳಿಗೆ ಮಗುಚುತ್ತಿತ್ತು. ಈ ತಟ್ಟೆ ಆಳವಾಗಿದೆ, ಭಾರವೂ ಇದೆ ಎಂದರು. ನಾನೂ ಅವರೂ ನಿಂತು ಹಕ್ಕಿಗಳು ಕುಡಿದು ಮುಗಿಸುವ ತನಕ ಕಾದೆವು. ಆಮೇಲೆ ನನ್ನ ತಟ್ಟೆಯನ್ನು ಅಲ್ಲಿಟ್ಟೆ. ನೀರು ಅದಕ್ಕೆ ಸುರಿದು, ಗಾಳಿಗೆ ಹಾರದಂತೆ ನಡುವೆ ಒಂದು ಕಲ್ಲನ್ನೂ ಇಟ್ಟೆ. ನನ್ನ ಹೆಸರು ಆ ತಟ್ಟೆಯ ತಳದಲ್ಲಿ ದೊಡ್ಡದಾಗಿ ಕೊರೆಸಿದೆ. ಹಕ್ಕಿಗಳಿಗೆ ಓದಲಿಕ್ಕೆ ಬರುವುದಿಲ್ಲ ಎಂಬುದೇ ಸಮಾಧಾನ.

ಬಾಯಮ್ಮನ ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಸೂಟ್‌ಕೇಸ್, ಒಂದು ಪ್ಲಾಸ್ಟಿಕ್ ಕುರ್ಚಿ, ಸ್ಟವ್ ಮೇಲೆ ಗಂಜಿ. ನಾನು ತಟ್ಟೆಯನ್ನು ಅವರ ಕೈಗೆ ಕೊಟ್ಟು, ಕೂರದೆ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎಸೆದದ್ದು, ಸುಳ್ಳು ಹೇಳಿದ್ದು, ಗ್ರೂಪಿನಲ್ಲಿ ಬರೆದದ್ದು, ಆ ಭಾಯಿಯ ಮೇಲೆ ಬಂದ ಮಾತು. ಅವರು ಅಂಚಿನ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತ ಕೇಳಿದರು.

"ನೀನು ಸುಳ್ಳು ಹೇಳ್ತಾ ಉಂಟು ಅಂತ ನಂಗೆ ಆಗ್ಲೇ ಗೊತ್ತಾಯ್ತು," ಎಂದರು. "ಇಷ್ಟು ವರ್ಷ ಪೇಶಂಟ್‌ಗಳನ್ನು ನೋಡಿದ್ದು ನಾನು. ಮಾತ್ರೆ ತಕೊಂಡೆ ಅಂತ ಸುಳ್ಳು ಹೇಳುವವ್ರೆಲ್ಲ ಹೊದಿಕೆಯ ತುದಿ ಹಿಡ್ಕೊಳ್ತಾರೆ. ನೀನು ಸೆರಗು ಹಿಡ್ಕೊಂಡಿದ್ದೆ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ." ಅವರು ನನ್ನನ್ನು ನೋಡಿದರು. "ನೋಡು ಮಾರಾಯ್ತಿ, ತಟ್ಟೆ ಹೋಗಿದ್ರೆ ಹೋಗ್ತಿತ್ತು. ಆದ್ರೆ ಊರಲ್ಲಿ ನಿನ್ನ ನೆನಪು ಆದಾಗೆಲ್ಲ ಆ ಸೆರಗೇ ನೆನಪಾಗ್ತಿತ್ತು. ಅದು ನಂಗೆ ಬೇಡ ಇತ್ತು."

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಅಳಬೇಡ ಎನ್ನಲಿಲ್ಲ. ಅತ್ತು ಮುಗಿದ ಮೇಲೆ, ಆ ಭಾಯಿಯ ವಿಷಯ ಗ್ರೂಪಿನಲ್ಲಿ ಈಗಲೇ ಬರೆ, ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಆಗಲಿಕ್ಕಿಲ್ಲ ಎಂದರು. ಖಾಲಿ ನೆಲದ ಮೇಲೆ ಕೂತು ಬರೆದೆ. ತಟ್ಟೆಯನ್ನು ಯಾರೂ ಒಯ್ದಿಲ್ಲ, ಭಾಷಣಕ್ಕೆ ಹೊರಟ ನಾನೇ ನನ್ನ ಕೈಯಾರೆ ಡ್ರಮ್ಮಿಗೆ ಹಾಕಿದೆ, ತೆಗೆದು ತೊಳೆದು ಕಾಪಾಡಿದ್ದು ಆ ಕ್ಲೀನರ್ ಭಾಯ್, ಅವರಲ್ಲಿ ಮ್ಯಾನೇಜರ್ ಮೂಲಕ ನಾವು ಕ್ಷಮೆ ಕೇಳಬೇಕು. ಇನ್ನೂ ಆರು ತಟ್ಟೆ ಅಲ್ಲಿವೆ, ಯಾರದ್ದೆಂದು ದಯವಿಟ್ಟು ತಿಳಿಸಿ.

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆ ಆರು ತಟ್ಟೆಗಳನ್ನು ನಿನ್ನೆಯಿಂದ ಯಾರೂ ಹುಡುಕಿರಲೇ ಇಲ್ಲವೆಂದು ಆಗ ನನಗೆ ಹೊಳೆಯಿತು. ಅವು ಎಲ್ಲಿಗೆ ಹೋಗಿವೆಯೆಂದು ಅವರವರಿಗೆ ಗೊತ್ತಿತ್ತು. ಕೊನೆಗೂ ಬಂದ ಮೊದಲ ಉತ್ತರ ಆ ಬುಸೈತೀನಿನ ಇಂಜಿನಿಯರರದ್ದು: ಒಂದು ನಮ್ಮದು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಹೆಬ್ಬೆರಳು ಹಾಕಿದ್ದ ನಾಲ್ವರಲ್ಲಿ ಇಬ್ಬರು ತಮ್ಮ ಹೆಬ್ಬೆರಳನ್ನು ಮೆಲ್ಲನೆ ತೆಗೆದರು. ಆರರಲ್ಲಿ ಒಂದಾಗಿದ್ದ ಕಲ್ಯಾಣ ಮಂಟಪದ ತಟ್ಟೆಗೆ ಮಾತ್ರ ಯಾರೂ ಮುಂದೆ ಬರಲಿಲ್ಲ.

ನಾನು ಏಳಲಿಕ್ಕೆ ಹೊರಟಾಗ ಬಾಯಮ್ಮ ಗಂಜಿ ಉಂಡು ಹೋಗು ಎಂದರು. ಮನೆಯಲ್ಲಿದ್ದದ್ದು ಒಂದೇ ತಟ್ಟೆ. ಅದಕ್ಕೆ ಗಂಜಿ ಬಡಿಸಿ, ಉಪ್ಪಿನಕಾಯಿ ಹಾಕಿ ನನ್ನ ಮುಂದಿಟ್ಟರು. ನಾನು ಬೇಡ ಬೇಡ ಎನ್ನುತ್ತಿದ್ದಂತೆ ತಮಗೆ ಪಾತ್ರೆಯ ಮುಚ್ಚಳ ಮಗುಚಿ ಅದರಲ್ಲಿ ಬಡಿಸಿಕೊಂಡರು. ಅವರ ಅಮ್ಮನ ತಟ್ಟೆಯಲ್ಲಿ, ತಲೆ ತಗ್ಗಿಸಿ, ಒಂದು ಅಗುಳೂ ಬಿಡದೆ ಉಂಡೆ. ಉಂಡು ತಟ್ಟೆ ಹಿಡಿದುಕೊಂಡು ಎದ್ದೆ. ಬಾಯಮ್ಮ ತುತ್ತು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಸಿಂಕ್ ಆ ಕಡೆ ಉಂಟು ಮಾರಾಯ್ತಿ," ಎಂದರು. "ಈ ಕಡೆ ಇರುದು ಕಸದ ಡಬ್ಬ."